ಖರ್ರಾ ತಿಕ್ಕುವ ಕೈ

ನನ್ನ ಪಿಎಚ್‌ಡಿ ಗೈಡ್ ಎಂದರೆ ಮೊದಲು ನೆನಪಾಗುವುದು ಅವರ ಬಲಗೈ ಹೆಬ್ಬೆರಳು. ಅಡಿಕೆ, ತಂಬಾಕು, ಸುಣ್ಣ ಸೇರಿದ ಖರ್ರಾವನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ತಿಕ್ಕಿ ತಿಕ್ಕಿ ಆ ಬೆರಳು ಚಪ್ಪಟೆಯಾಗಿತ್ತು. ನಾವು ಅಧ್ಯಾಯ ಓದುತ್ತಿದ್ದರೆ ಅವರು ಕಣ್ಣು ಮುಚ್ಚಿ ಚರಚರ ತಿಕ್ಕುತ್ತಿದ್ದರು. ಬರೆದದ್ದರಲ್ಲಿ ಹುರುಳಿದ್ದರೆ ಮಾತ್ರ ಕೈ ನಿಲ್ಲುತ್ತಿತ್ತು. ಹೊಗಳಿಕೆ ಅಂದರೆ ಅಷ್ಟೇ. ನನ್ನ ಪಾಲಿಗೆ ಆ ಕೈ ಒಮ್ಮೆಯೂ ನಿಂತಿರಲಿಲ್ಲ.

ಸರ್ ವಿಜಯಪುರದ ಕಡೆಯವರು, ನಾಗಪುರದ ಮಹಾಲ್ ಬಡಾವಣೆಯಲ್ಲಿ ನೆಲೆಸಿದ್ದರು. ನಾನು ಧಾರವಾಡದವಳು, ಗಂಡ ವಾಯುಪಡೆಯಲ್ಲಿದ್ದುದರಿಂದ ಅಲ್ಲಿಗೆ ಬಂದಿದ್ದೆ. ಪರ ಊರಿನಲ್ಲಿ ಕನ್ನಡ ಮಾತಾಡುವ ಗೈಡ್ ಸಿಕ್ಕರು, ನಮ್ಮವರು ಎಂದು ಹಿಗ್ಗಿದ್ದೆ. ದಡ್ಡಿ ನಾನು. ವಿಜ್ಞಾನ ಹೇಗೆ ನಡೆಯುತ್ತದೆ ಎಂಬುದೇ ನಮ್ಮ ಸಂಶೋಧನೆಯ ವಿಷಯ. ಖಾಪರಖೇಡಾದ ವಿದ್ಯುತ್ ಸ್ಥಾವರದಲ್ಲಿ ಕಲ್ಲಿದ್ದಲ ಬೂದಿ ಪರೀಕ್ಷಿಸುವ ಲ್ಯಾಬಿನಲ್ಲಿ ಕೂತು, ಅಲ್ಲಿಯವರು ಯಾವ ರೀಡಿಂಗ್ ಇಟ್ಟುಕೊಳ್ಳುತ್ತಾರೆ, ಯಾವುದನ್ನು ಬಿಡುತ್ತಾರೆ ಎಂದು ನೋಡುವುದು ನನ್ನ ಕೆಲಸ. ಕಳಿಸುವಾಗ ಸರ್ ಹೇಳಿದ್ದರು, "ಏನು ಸಿಕ್ತು ಅಂತ ಎಲ್ಲಾರೂ ಕೇಳ್ತಾರ. ನೀ, ಏನು ಬಿಟ್ರಿ ಅಂತ ಮೊದಲ ಕೇಳು."

ಆ ವರ್ಷ ನಮ್ಮ ವಿಷಯದ ದೊಡ್ಡ ಸಮ್ಮೇಳನ ಹೊರದೇಶದಲ್ಲಿತ್ತು. ಹೋಗಿಬರಲು ಪಿಎಚ್‌ಡಿ ವಿದ್ಯಾರ್ಥಿಗಳಿಗೆ ಟ್ರಾವೆಲ್ ಅವಾರ್ಡ್ ಕೊಡುತ್ತಿದ್ದರು. ಆದರೆ ಒಬ್ಬ ಗೈಡ್ ಒಬ್ಬರ ಹೆಸರನ್ನಷ್ಟೇ ಸೂಚಿಸಬಹುದು. ನನ್ನ ಪ್ರಬಂಧವನ್ನು ಸಮ್ಮೇಳನದವರು ಒಪ್ಪಿಯೂ ಆಗಿತ್ತು. ಸರ್ ಸೂಚಿಸಿದ್ದು ತಮ್ಮ ಗೆಳೆಯನ ಮಗನನ್ನು; ಅವನೂ ಅವರ ಬಳಿಯೇ ಪಿಎಚ್‌ಡಿಗೆ ಸೇರಿದ್ದ, ಒಂದಕ್ಷರ ಬರೆದಿರಲಿಲ್ಲ.

ಕೇಳಲು ಹೋದರೆ ತಿಕ್ಕುತ್ತಲೇ ಅಂದರು, "ನೀವು ಮಿಲಿಟರಿ ಮಂದಿ, ತಂಗಿ. ನಾಳೆ ಪೋಸ್ಟಿಂಗ್ ಬಂದ್ರ ಗಂಟುಮೂಟೆ ಕಟ್ಕೊಂಡು ಹೋಗಾಕಿ ನೀ. ನಿನ್ನ ಮ್ಯಾಲ ಅವಾರ್ಡ್ ಯಾಕ ಹಾಳು ಮಾಡ್ಲಿ? ಚಲೋ, ಮುಂದಿನ ಅಧ್ಯಾಯ ತಗೊಂಡು ಜಲ್ದಿ ಬಾ."

ನನ್ನ ಪಿಎಚ್‌ಡಿ ಮುಗಿಯುವವರೆಗೂ ಪೋಸ್ಟಿಂಗ್ ಬರಲಿಲ್ಲ. ಆ ಹುಡುಗ ಮಾತ್ರ ಹೋಗಿ, ಹಿಮದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಂದ. ಅದನ್ನು ನೋಡಿದ ದಿನ ಹೊಟ್ಟೆಯಲ್ಲಿ ಹೊತ್ತಿದ ಕಿಚ್ಚು ಆರಲಿಲ್ಲ, ಆರಲು ನಾನೂ ಬಿಡಲಿಲ್ಲ. ಪಾಠ ಹೇಳುವ ಕೆಲಸ ಹಿಡಿದೆ. ಹಲ್ಲು ಕಚ್ಚಿ ದುಡಿದು, ಅದೇ ಅವಾರ್ಡ್ ಕೊಡುವ ಸಮಿತಿಯೊಳಗೆ ಹೊಕ್ಕೆ. ಮೊದಲ ಸಭೆಯಲ್ಲೇ ಜಗಳ ತೆಗೆದೆ: ಗೈಡ್ ಸೂಚಿಸುವ ನಿಯಮ ಬೇಡ, ವಿದ್ಯಾರ್ಥಿಗಳೇ ನೇರ ಅರ್ಜಿ ಹಾಕಲಿ. ನ್ಯಾಯದ ಮಾತು ಎಂದು ಎಲ್ಲರೂ ತಲೆದೂಗಿದರು. ನ್ಯಾಯವೂ ಇಲ್ಲ, ಮಣ್ಣೂ ಇಲ್ಲ. ನನಗೆ ಬೇಕಾಗಿದ್ದುದು ಸೇಡು. ನಿಯಮ ಹೋಯಿತು. ಮರುವರ್ಷವೇ ಸರ್ ಕೈಕೆಳಗಿನ ವಿದ್ಯಾರ್ಥಿನಿಯೊಬ್ಬಳು ಅವರನ್ನು ಕೇಳದೆ ಅರ್ಜಿ ಹಾಕಿ ಗೆದ್ದಳು.

ಅವರ ಮುಖ ನೋಡಲೆಂದೇ ಧಾರವಾಡ ಪೇಢೆ ಹಿಡಿದು ಮಹಾಲ್‌ಗೆ ಹೋದೆ. ಸರ್ ಕೆನ್ನೆ ಬತ್ತಿ ಗುಳಿಬಿದ್ದಿತ್ತು. ಡಾಕ್ಟರು ತಂಬಾಕು ಬಿಡಿಸಿದ್ದರು, ಬರೀ ಅಡಿಕೆ ಚೂರು ಇಟ್ಟುಕೊಂಡು ತಿಕ್ಕುತ್ತಿದ್ದರು.

"ನನ್ನ ಕೇಳದ ನನ್ನ ಹುಡುಗಿ ವಿಮಾನ ಹತ್ತತಾಳ. ಯಾರು ಮಾಡಿದ್ದಿದು?"

"ನಾನ ರೀ ಸರ್. ಅವತ್ತ ನೀವು ಬಿಟ್ಟ ಹುಡುಗಿ."

ಕೈ ನಿಂತಿತು. ನನ್ನ ಪಾಲಿಗೆ ಮೊದಲ ಸಲ. ಆಮೇಲೆ ಪೇಢೆ ಡಬ್ಬಿಯನ್ನು ತಮ್ಮ ಕಡೆ ಎಳೆದುಕೊಂಡರು.

ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ನಾನು ಅಳಲಿಲ್ಲ, ಕ್ಷಮಿಸಿಯೂ ಇಲ್ಲ. ಆದರೆ ಸಮಿತಿಯಲ್ಲಿ ಗೆದ್ದವರ ಹೆಸರು ಓದಲು ಹೊರಟವರನ್ನು ಪ್ರತಿಸಲ ತಡೆಯುತ್ತೇನೆ. "ಯಾರನ್ನು ಬಿಟ್ಟಿರಿ, ಅದನ್ನು ಮೊದಲು ಹೇಳಿ" ಎನ್ನುತ್ತೇನೆ. ಅದು ಅವರು ಕಲಿಸಿದ ಮಾತು. ಸೇಡು ತೀರಿದರೂ ಈ ಋಣ ತೀರುತ್ತಿಲ್ಲ. ಅದೇ ನನಗೆ ಉರಿ.