ಮೂರನೇ ಹಾಡು, ಮಾವನ ಬಲಗೈ

ಮೂರು ಹಾಡು. ಮೂರೇ. ನಾಲ್ಕನೆಯದು ಶುರುವಾಗುವ ಮೊದಲು ಕ್ಯಾಮೆರಾ ಚೀಲದೊಳಗೆ ಹೋಗಿರಬೇಕು, ಫ್ಲ್ಯಾಶ್ ಅಂತೂ ಹಾಕಲೇಬಾರದು. ಕೊಯಮತ್ತೂರಿನಿಂದ ಬಂದಿದ್ದ ಮ್ಯಾನೇಜರ್ ಹುಡುಗಿ ಕಿವಿಗೆ ಸಿಕ್ಕಿಸಿಕೊಂಡ ಮೈಕಿನಲ್ಲಿ ಇನ್ಯಾರ ಹತ್ತಿರವೋ ಮಾತಾಡುತ್ತಲೇ ನನಗೆ ಇದನ್ನು ಹೇಳಿ ಮುಗಿಸಿದಳು. ರಾಕ್ ಕಾರ್ಯಕ್ರಮಗಳಲ್ಲಿ ಎಲ್ಲ ಕಡೆ ಇದೇ ಪದ್ಧತಿಯಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ಇಪ್ಪತ್ತು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ಮದುವೆ ಮನೆಯಲ್ಲಿ ಗಂಡಿನ ಅಪ್ಪನನ್ನೇ ‘ಸ್ವಲ್ಪ ಸರೀರಿ’ ಅಂತ ಪಕ್ಕಕ್ಕೆ ತಳ್ಳಿದವಳು. ಸಾವಿನ ಮನೆಯಲ್ಲಿ ಹೆಣದ ಸುತ್ತ ಕುಣಿಯುವವರ ನಡುವೆ ನುಗ್ಗಿ ಫೋಟೋ ತೆಗೆದವಳು. ಊಟಿ ಸುತ್ತಲಿನ ನಮ್ಮ ಹಟ್ಟಿಗಳಲ್ಲಿ ಇವತ್ತಿನವರೆಗೆ ಯಾರೂ ನನಗೆ ‘ಇಷ್ಟೇ, ಸಾಕು’ ಅಂದಿಲ್ಲ.

‘ನಿಮ್ಮ ಊರಿನ ಆ ಗಿಟಾರ್ ಅಂಕಲ್ ಮೂರನೇ ಹಾಡಿಗೆ ಬರ್ತಾರೆ. ಅದೊಂದೇ ಹಾಡು’ ಅಂದಳು ಹುಡುಗಿ, ಹೋಗುತ್ತಾ.

ನಾನು ಬಂದದ್ದೇ ಆ ಅಂಕಲ್‌ಗಾಗಿ. ಅಂದರೆ ನನಗಿರುವುದು ಮೂರಲ್ಲ, ಒಂದು ಹಾಡು. ಐದು ನಿಮಿಷ!

ಆತ ನನ್ನ ಸ್ವಂತ ಮಾವನಲ್ಲ. ತುಮ್ಮನಟ್ಟಿಯವನು, ಅವ್ವೆಯ ತವರಿನ ಕಡೆ. ನಮ್ಮ ಜನರಲ್ಲಿ ಇಬ್ಬರು ನಿಂತು ಐದು ನಿಮಿಷ ಮಾತಾಡಿದರೆ ಒಂದಲ್ಲ ಒಂದು ನಂಟು ಹೊರಟೇ ಹೊರಡುತ್ತದೆ, ಹಾಗೆ ಮಾವ. ವಾರವೆಲ್ಲ ನಡುವಟ್ಟದ ಟೀ ಫ್ಯಾಕ್ಟರಿಯಲ್ಲಿ ಟೀ ಮೇಕರ್, ಹಸಿ ಎಲೆ ಪುಡಿಯಾಗುವ ತನಕ ನೋಡಿಕೊಳ್ಳುವ ಕೆಲಸ. ಶನಿವಾರ ಬಂದರೆ ಗಿಟಾರನ್ನು ಎಲೆ ತುಂಬುವ ಚೀಲದಲ್ಲಿ ಸುತ್ತಿ, ಬಸ್ಸು ಹತ್ತಿ ಊಟಿಗೆ ಬರುತ್ತಿದ್ದ. ನಾಲ್ಕು ಜನರ ಬ್ಯಾಂಡು. ಮೊದಮೊದಲು ಯಾರ‍್ಯಾರದೋ ಇಂಗ್ಲಿಷ್ ಹಾಡು, ಆಮೇಲೆ ತಾವೇ ಕಟ್ಟಿದ್ದು. ಹಟ್ಟಿಯ ಹಿರಿಯರು ‘ಇವನಿಗೆ ಯಾರೋ ಏನೋ ಮಾಡಿಸಿದ್ದಾರೆ’ ಅಂತ ಮುಖ ತಿರುಗಿಸುತ್ತಿದ್ದರು. ನಾನು ಅವನನ್ನು ಮೊದಲ ಸಲ ಕೇಳಿದಾಗ ನನಗೆ ಹತ್ತು ವರ್ಷ, ಊಟಿಯ ಒಂದು ಶಾಲೆಯ ಮೈದಾನದಲ್ಲಿ. ಸದ್ದು ಕಿವಿಗಲ್ಲ, ನೇರ ಎದೆಗೇ ಬಂದು ಹೊಡೆಯಿತು. ಮಾರನೇ ದಿನ ಪೊರಕೆ ಹಿಡಿದು, ಕೂದಲು ಕೆದರಿಕೊಂಡು ಅಂಗಳದಲ್ಲಿ ಗಿಟಾರ್ ಬಾರಿಸಿದೆ. ಅವ್ವೆಯ ಕೈಯಿಂದ ಅದೇ ಪೊರಕೆಯಲ್ಲಿ ಏಟು ತಿಂದೆ.

ಆ ದಿನ ಮೈದಾನದಲ್ಲಿ ಫೋಟೋ ತೆಗೆದದ್ದು ನನ್ನಪ್ಪ. ಊಟಿಯಲ್ಲಿ ಅಪ್ಪನದೊಂದು ಪುಟ್ಟ ಸ್ಟುಡಿಯೋ, ಪಾಸ್‌ಪೋರ್ಟ್ ಫೋಟೋ ತೆಗೆಯುವಂಥದ್ದು. ಇಡೀ ರೋಲು, ಮೂವತ್ತಾರು ಫೋಟೋ, ಎಲ್ಲವೂ ಮಾವನ ಬ್ಯಾಂಡಿನದು. ಡಾರ್ಕ್‌ರೂಮಿನಲ್ಲಿ ತೊಳೆದು ನೋಡಿದರೆ ಏನೂ ಇಲ್ಲ. ಫಿಲ್ಮಿನ ತುದಿ ಒಳಗಿನ ಹಲ್ಲಿಗೆ ಸಿಕ್ಕಿರಲೇ ಇಲ್ಲ. ಅಪ್ಪ ಮಧ್ಯಾಹ್ನವೆಲ್ಲ ಕುಣಿಕುಣಿದು ಬರೀ ಖಾಲಿ ಕ್ಯಾಮೆರಾ ಒತ್ತಿದ್ದ. ಮುಂದಿನ ವರ್ಷ ಬ್ಯಾಂಡ್ ಒಡೆಯಿತು, ಒಬ್ಬೊಬ್ಬರು ಒಂದೊಂದು ದಿಕ್ಕು. ಹೀಗಾಗಿ ಮಾವ ವೇದಿಕೆಯ ಮೇಲೆ ಗಿಟಾರ್ ಹಿಡಿದಿರುವ ಒಂದೇ ಒಂದು ಫೋಟೋ ಈ ಭೂಮಿಯ ಮೇಲೆ ಇಲ್ಲ. ಮಾವ ಆಗ ‘ಹೋಗಲಿ ಬಿಡು ಬಾವ’ ಅಂತ ನಕ್ಕುಬಿಟ್ಟನಂತೆ. ಅಪ್ಪನಿಗೆ ಮಾತ್ರ ಅದು ಹೋಗಲಿಲ್ಲ. ಇವತ್ತಿಗೂ ನಾನು ಕೆಲಸಕ್ಕೆ ಹೊರಟಾಗ ಬಾಗಿಲ ತನಕ ಬಂದು ‘ರೋಲು ಸಿಕ್ಕಿದೆಯಾ, ತಿರುಗಿಸಿ ನೋಡಿದೆಯಾ?’ ಅಂತ ಕೇಳುತ್ತಾನೆ. ‘ಅಪ್ಪಾ, ಇದರಲ್ಲಿ ರೋಲೇ ಇಲ್ಲ’ ಅಂತ ಎಷ್ಟು ಸಲ ಹೇಳಲಿ.

ಮೂರು ವರ್ಷದ ಹಿಂದೆ, ಫ್ಯಾಕ್ಟರಿಯಲ್ಲಿ ಟೀ ರುಚಿ ನೋಡುವಾಗ, ಮಾವನ ಬಲಗೈಯ ಚಮಚ ಕಪ್ಪಿಗೆ ಟಕಟಕ ಬಡಿಯತೊಡಗಿತು. ಚಳಿಗೆ ಅಂದುಕೊಂಡರು. ಚಳಿ ಹೋದ ಮೇಲೂ ನಿಲ್ಲಲಿಲ್ಲ. ಡಾಕ್ಟರು ಹೇಳಿದ ಕಾಯಿಲೆಯ ಹೆಸರನ್ನು ಮಾವ ಬಾಯಲ್ಲಿ ತರುವುದಿಲ್ಲ, ‘ಕೈ ಹೇಳಿದ ಮಾತು ಕೇಳ್ತಿಲ್ಲ’ ಅನ್ನುತ್ತಾನೆ ಅಷ್ಟೆ. ಮಾತ್ರೆ ನುಂಗಿದರೆ ಒಂದೆರಡು ಗಂಟೆ ಸುಮ್ಮನಿರುತ್ತದೆ. ಆಮೇಲೆ ಮತ್ತೆ ಶುರು.

ಇಂಥ ಹೊತ್ತಿನಲ್ಲಿ, ಎಲ್ಲಿಂದಲೋ ಒಂದು ಹೊಸ ಬ್ಯಾಂಡಿನವರು ಮಾವನನ್ನು ಹುಡುಕಿಕೊಂಡು ಬಂದರು. ಅದಕ್ಕೆ ಕಾರಣ ಸೋಲೂರಿನ ಮಾಸ್ತರಣ್ಣ. ಶಾಲೆಯಲ್ಲಿ ಗಣಿತ ಹೇಳಿಕೊಡುವವನು, ಮಾವನ ಪರಮ ಅಭಿಮಾನಿ. ಬೂಷ್ಟು ಹಿಡಿಯಬಾರದು ಅಂತ ಮಾವನ ಕ್ಯಾಸೆಟ್ಟನ್ನು ಇಷ್ಟು ವರ್ಷ ಅಕ್ಕಿ ಡಬ್ಬದೊಳಗೆ ಹೂತಿಟ್ಟಿದ್ದನಂತೆ. ಹೋದ ವರ್ಷ ಅದನ್ನು ಫೋನಿಗೆ ಇಳಿಸಿ ಎಲ್ಲರಿಗೂ ಕಳಿಸಿದ. ಅದನ್ನು ಕೇಳಿ ಆ ಹುಡುಗರಿಗೆ ಹುಚ್ಚು ಹಿಡಿಯಿತು. ಊಟಿಯಲ್ಲಿ ನಮ್ಮ ಕಾರ್ಯಕ್ರಮ ಇದೆ, ನಿಮ್ಮದೇ ಹಾಡು, ನೀವೇ ನುಡಿಸಬೇಕು ಅಂತ ಮಾವನ ಮನೆಯಲ್ಲಿ ಕೂತುಬಿಟ್ಟರು.

ಮಾವ ನನ್ನನ್ನು ಕರೆಸಿದ. ಬಲಗೈ ಶಾಲಿನೊಳಗಿತ್ತು.

‘ನಿನ್ನಪ್ಪನ ಹಾಗೆ ಮಾಡಬೇಡ’ ಅಂತ ಮೊದಲು ತಮಾಷೆ ಮಾಡಿದ. ಆಮೇಲೆ ಮುಖ ಗಂಭೀರವಾಯಿತು. ‘ನುಡಿಸೋ ಕೈ ಬೇಕು ನನಗೆ. ನಡುಗೋ ಕೈ ಬೇಡ. ಇನ್ನೊಂದು ಸಲ ಆಗೋದಿಲ್ಲ ಕಣವ್ವಾ.’

‘ಆಯ್ತು ಮಾವ’ ಅಂದುಬಿಟ್ಟೆ. ನನ್ನ ನಾಲಿಗೆಗೆ ಬೇರೆ ಕೆಲಸವಿರಲಿಲ್ಲ.

ನಡುಗುವ ಕೈಯನ್ನು ಫೋಟೋದಲ್ಲಿ ನಿಲ್ಲಿಸಬಹುದು, ಅದೇನು ದೊಡ್ಡ ವಿದ್ಯೆಯಲ್ಲ. ಶಟರ್ ಚಕ್ಕನೆ ತೆರೆದು ಚಕ್ಕನೆ ಮುಚ್ಚಬೇಕು. ಆದರೆ ಅಷ್ಟು ಬೇಗ ಮುಚ್ಚಿದರೆ ಒಳಗೆ ಬೆಳಕು ಸಾಲದು. ಬೆಳಕು ಸಾಲದೆಂದು ನಿಧಾನ ಮಾಡಿದರೆ ಕೈ ಕಲಸಿಹೋಗುತ್ತದೆ. ಫ್ಲ್ಯಾಶ್ ಹಾಕುವ ಹಾಗಿಲ್ಲ. ಕಾರ್ಯಕ್ರಮದ ಹಾಲ್ ನನಗೆ ಗೊತ್ತು, ಹಗಲಲ್ಲೂ ಬಾವಿಯ ಒಳಗೆ ನಿಂತ ಹಾಗೆ. ಆ ವಾರವೆಲ್ಲ ನನಗೆ ಅನ್ನ ರುಚಿಸಲಿಲ್ಲ. ಲೆನ್ಸುಗಳಿಗೆ ಬೂಷ್ಟು ಬರದಿರಲಿ ಅಂತ ನಮ್ಮಲ್ಲಿ ಬೀರುವಿನೊಳಗೆ ಒಂದು ಸಣ್ಣ ಬಲ್ಬು ಉರಿಸಿಡುತ್ತೇವೆ. ಎರಡು ದಿನ ಮುಂಚೆ ನೋಡಿದರೆ ಆ ಬಲ್ಬು ಸತ್ತುಹೋಗಿದೆ! ಯಾವಾಗ ಸತ್ತಿತೋ ಆ ದೇವರಿಗೇ ಗೊತ್ತು. ಒಳ್ಳೆಯ ಲೆನ್ಸನ್ನು ಕಿಟಕಿಗೆ ಹಿಡಿದು ಹತ್ತು ಸಲ ನೋಡಿದೆ. ಅಂಚಿನಲ್ಲಿ ಬಿಳಿ ಎಳೆ ಕಂಡ ಹಾಗೆ, ಕಾಣದ ಹಾಗೆ. ಅಪ್ಪ ಭೂತಗನ್ನಡಿ ಹಿಡಿದು ನೋಡಿ ‘ಏನಿಲ್ಲ’ ಅಂದ. ಅಪ್ಪನ ಕಣ್ಣನ್ನು ನಂಬುವುದೋ ಬಿಡುವುದೋ ಗೊತ್ತಾಗಲಿಲ್ಲ.

ಕಾರ್ಯಕ್ರಮ ಮಧ್ಯಾಹ್ನ ಮೂರಕ್ಕೆ. ಹೊರಗೆ ಮಂಜು ಇಳಿದು ಎದುರಿನ ಕಟ್ಟಡವೇ ಕಾಣುತ್ತಿರಲಿಲ್ಲ. ಸೋಲೂರಿನ ಬಸ್ಸಿನಿಂದ ಮಾಸ್ತರಣ್ಣ ತನ್ನ ಹಳೇ ಪಟಾಲಮ್ಮಿನೊಂದಿಗೆ ಇಳಿದ. ಹತ್ತು ಜನ, ಎಲ್ಲರಿಗೂ ಐವತ್ತರ ಮೇಲೆ, ಸ್ವೆಟರಿನ ಮೇಲೆ ಬಿಗಿಯಾದ ಕಪ್ಪು ಟೀ ಶರ್ಟು. ಬೆಡ್‌ಶೀಟಿನ ಮೇಲೆ ಬಣ್ಣದಲ್ಲಿ ಗಿಟಾರ್ ಬರೆದು ತಂದಿದ್ದರು, ನೋಡಿದರೆ ಸೋರೆಕಾಯಿಯ ಹಾಗಿತ್ತು. ಒಳಗೆ ಬಂದವರೇ ನನ್ನ ಬೆನ್ನಿಗೇ ಕಟಕಟೆ ಹಿಡಿದು ನಿಂತರು. ಮೊದಲ ಹಾಡಿಗೇ ಬೋಳು ತಲೆಗಳನ್ನು ಹಿಂದೆ ಮುಂದೆ ಕುಣಿಸಲು ಶುರು ಮಾಡಿದರು. ‘ಅಣ್ಣಾ, ಕತ್ತು ಹಿಡ್ಕೊಂಡೀತು’ ಅಂದೆ. ‘ಹಿಡ್ಕೊಳ್ಳಲಿ!’ ಅಂದ ಮಾಸ್ತರಣ್ಣ.

ವೇದಿಕೆಯ ಮೇಲೆಲ್ಲ ಕೆಂಪು ಬೆಳಕು. ಫೋಟೋಗೆ ಅದರಷ್ಟು ದರಿದ್ರದ ಬೆಳಕು ಇನ್ನೊಂದಿಲ್ಲ, ಮುಖವೆಲ್ಲ ಮಸಿ ಬಳಿದ ಹಾಗೆ ಬರುತ್ತದೆ. ಮೊದಲ ಹಾಡಿನಲ್ಲಿ ತೆಗೆದದ್ದೆಲ್ಲ ಕತ್ತಲು, ಎರಡನೆಯದರಲ್ಲಿ ತೆಗೆದದ್ದೆಲ್ಲ ಕಲಸು. ಮಾವ ಪರದೆಯ ಮರೆಯಲ್ಲಿ ಕುರ್ಚಿಯ ಮೇಲೆ ಕೂತಿರುವುದು ನನಗೆ ಕಾಣುತ್ತಿತ್ತು. ಮೈಮೇಲೆ ಹಳೇ ಲೆದರ್ ಜಾಕೆಟ್. ಬಲಗೈಯನ್ನು ಎಡ ಕಂಕುಳಲ್ಲಿ ಒತ್ತಿ ಹಿಡಿದಿದ್ದ. ಎರಡು ಗಂಟೆಗೆ ಸರಿಯಾಗಿ ಮಾತ್ರೆ ನುಂಗುತ್ತೇನೆ ಅಂದಿದ್ದ, ಆದರೆ ಕಾರ್ಯಕ್ರಮ ಮುಕ್ಕಾಲು ಗಂಟೆ ತಡವಾಗಿ ಶುರುವಾಗಿತ್ತು. ಆ ಮುಕ್ಕಾಲು ಗಂಟೆ ನನ್ನ ಎದೆಯ ಮೇಲೇ ಕೂತಿತ್ತು.

ಮಾವ ಬಂದ. ಹಾಲ್ ಹಾರಿಹೋಗುವ ಹಾಗೆ ಕೂಗು. ಸೋಲೂರಿನವರು ಒಬ್ಬರನ್ನೊಬ್ಬರು ಅಪ್ಪಿಕೊಂಡು ಅಳುತ್ತಿದ್ದರು, ಅಳುತ್ತಲೇ ಹಾಡುತ್ತಿದ್ದರು. ಮಾವ ತಂತಿ ಮೀಟಿದ. ನಾನು ಒತ್ತಿದೆ, ಒತ್ತಿದೆ, ಒತ್ತಿದೆ. ಮೈಕಿನ ಕೋಲು ಅಡ್ಡ. ಹಾಡುವ ಹುಡುಗನ ಮೊಣಕೈ ಅಡ್ಡ. ಮೂರು ಸಲ ಮಾಸ್ತರಣ್ಣನ ಫೋನು ನನ್ನ ಲೆನ್ಸಿಗೇ ಅಡ್ಡ ಬಂತು. ‘ಕೈ ಇಳಿಸಣ್ಣಾ! ನಿನ್ನ ಕಾಲಿಗೆ ಬೀಳ್ತೀನಿ, ಆ ಫೋನ್ ಇಳಿಸು!’ ಅಂತ ಅರಚಿದೆ. ಪಾಪ, ಹಿಂದೆ ಸರಿದ. ಕೆಂಪು ಬೆಳಕಿನಲ್ಲಿ ಮಾವನ ಬಲಗೈ ಪ್ರತಿ ಫೋಟೋದಲ್ಲೂ ಹೊಗೆ ಹೊಗೆ. ಅದು ಮೀಟುವ ವೇಗವೋ, ಕಾಯಿಲೆಯೋ, ನನಗೆ ತಿಳಿಯಲಿಲ್ಲ.

ಉಳಿದದ್ದು ಒಂದೇ ದಾರಿ. ಹಾಡಿನ ಕೊನೆಗೆ ಮಾವ ಒಬ್ಬನೇ ನುಡಿಸುವ ಭಾಗವೊಂದಿದೆ, ಆಗ ಬಿಳಿ ಬೆಳಕು ಹಾಕುತ್ತಾರೆ ಅಂತ ಲೈಟಿನವನನ್ನು ಮೊದಲೇ ಕೇಳಿಟ್ಟುಕೊಂಡಿದ್ದೆ. ಶಟರನ್ನು ಬೇಕಾದಷ್ಟು ವೇಗಕ್ಕೆ ತಿರುಗಿಸಿ, ಉಸಿರು ಕಟ್ಟಿ ಕಾದೆ. ಬಿಳಿ ಬೆಳಕು ಬಿತ್ತು. ಮಾವ ನುಡಿಸುತ್ತಾ ಮುಂದೆ ಬಂದ, ಇನ್ನೂ ಮುಂದೆ, ವೇದಿಕೆಯ ಅಂಚಿಗೆ, ಸರಿಯಾಗಿ ನನ್ನೆದುರಿಗೆ. ಯಾರೂ ಅಡ್ಡವಿಲ್ಲ. ಮುಖ, ಗಿಟಾರ್, ಕೈ, ಎಲ್ಲವೂ ಬೆಳಕಿನಲ್ಲಿ. ಮಾವ ಬಗ್ಗಿ ನನ್ನನ್ನು ನೋಡಿದ.

ನಾನು ತಲೆ ಬಾಗಿಸಿದೆ.

ಬೇಕೆಂದು ಅಲ್ಲ. ನಮ್ಮಲ್ಲಿ ಹಿರಿಯರು ಎದುರಾದರೆ ಕಿರಿಯರು ತಲೆ ಬಾಗಿಸಿ ನಿಲ್ಲಬೇಕು, ಅವರು ಬಲಗೈಯನ್ನು ತಲೆಯ ಮೇಲಿಟ್ಟು ಹರಸುತ್ತಾರೆ. ನಡೆಯಲು ಕಲಿಯುವ ಮೊದಲೇ ಇದನ್ನು ಕಲಿಸಿರುತ್ತಾರೆ. ಬಸ್ ಸ್ಟ್ಯಾಂಡಿನಲ್ಲಿ, ಸಂತೆಯಲ್ಲಿ, ಆಸ್ಪತ್ರೆಯ ಸಾಲಿನಲ್ಲಿ, ಎಲ್ಲೇ ಆಗಲಿ ಹಿರಿಯರ ಕಣ್ಣು ಬಿದ್ದರೆ ಕತ್ತು ತನ್ನಷ್ಟಕ್ಕೆ ಬಗ್ಗುತ್ತದೆ. ಅವತ್ತೂ ಬಗ್ಗಿತು. ಕ್ಯಾಮೆರಾ ಕೊರಳಲ್ಲಿ ಜೋತಾಡುತ್ತಿತ್ತು. ತಲೆಯ ಮೇಲೆ ಒಂದು ಕೈ ಬಂದು ಕೂತಿತು. ಮಾವ ಎಡಗೈಯ ಬೆರಳಲ್ಲೇ ತಂತಿ ಒತ್ತಿ ಆ ಒಂದು ಸ್ವರವನ್ನು ಎಳೆಯುತ್ತಿದ್ದ, ಬಲಗೈ ನನ್ನ ತಲೆಯ ಮೇಲಿತ್ತು. ನಾನು ತಲೆ ಎತ್ತುವಷ್ಟರಲ್ಲಿ ಬೆಳಕು ಮತ್ತೆ ಕೆಂಪಾಗಿತ್ತು. ಮ್ಯಾನೇಜರ್ ಹುಡುಗಿ ಭುಜ ತಟ್ಟಿದಳು. ‘ಅಕ್ಕಾ, ಮೂರಾಯ್ತು.’

ಹೊರಗೆ ಮೆಟ್ಟಿಲ ಮೇಲೆ ಕೂತು ತೆಗೆದದ್ದೆಲ್ಲವನ್ನೂ ನೋಡಿದೆ. ಒಂದೂ ಇಲ್ಲ. ಥೂ ನನ್ನ ಜನ್ಮಕ್ಕೆ! ಅಪ್ಪನದಾದರೂ ಫಿಲ್ಮು ಕೈಕೊಟ್ಟಿತ್ತು, ನನ್ನದು ನನ್ನ ಕತ್ತೇ ಕೈಕೊಟ್ಟಿತು. ಕಾರ್ಯಕ್ರಮ ನೋಡಲು ಬಂದಿದ್ದ ಅಪ್ಪ ಪಕ್ಕದಲ್ಲಿ ಬಂದು ಕೂತ. ನಾನು ಅತ್ತೆ. ನಲವತ್ತು ದಾಟಿದ ಹೆಂಗಸು, ಮಂಜಿನಲ್ಲಿ, ಎಲ್ಲರೆದುರು, ನಾಚಿಕೆಯಿಲ್ಲದೆ ಅತ್ತೆ.

ಆಗ ಮಾಸ್ತರಣ್ಣ ಅಳುಕುತ್ತಾ ಬಂದ. ‘ಬೈಬೇಡ ತಂಗಿ. ನೀ ಇಳಿಸು ಅಂದೆ, ನಾ ಇಳಿಸಿದೆ. ಆದ್ರೆ ಕೊನೇಲಿ ತಡೆಯೋಕಾಗಲಿಲ್ಲ’ ಅಂತ ಫೋನು ನೀಡಿದ. ಬಿಳಿ ಬೆಳಕು. ವೇದಿಕೆಯ ಅಂಚಿನಲ್ಲಿ ಬಗ್ಗಿದ ಮಾವ, ಸೊಂಟದಲ್ಲಿ ಗಿಟಾರ್, ಕಣ್ಣು ಮುಚ್ಚಿ ನಗುತ್ತಿದ್ದಾನೆ. ಕೆಳಗೆ ಬಾಗಿದ ಒಂದು ತಲೆ. ಅದರ ಮೇಲೆ ಬಲಗೈ, ಐದೂ ಬೆರಳು ಸ್ಪಷ್ಟ. ಉಗುರೂ ಎಣಿಸಬಹುದಿತ್ತು. ಅಪ್ಪ ಜೇಬಿನಿಂದ ಭೂತಗನ್ನಡಿ ತೆಗೆದು ಫೋನಿನ ಮೇಲೆ ಹಿಡಿದು ಬಹಳ ಹೊತ್ತು ನೋಡಿದ. ‘ಕೈ ನಿಂತಿದೆ’ ಅಂದ.

ಆ ಭಾನುವಾರ ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಕಟ್ಟು ಹಾಕಿಸಿ, ತುಮ್ಮನಟ್ಟಿಗೆ ತಗೊಂಡು ಹೋದೆ. ಮಾವ ಫೋಟೋವನ್ನು ತೊಡೆಯ ಮೇಲೆ ಎಡಗೈಯಲ್ಲಿ ಹಿಡಿದು ಕೂತ.

‘ನುಡಿಸೋ ಕೈ ಕೇಳಿದ್ದೆ’ ಅಂದ.

‘ತಪ್ಪಾಯ್ತು ಮಾವ.’

‘ಇರಲಿ ಬಿಡು. ಚೆನ್ನಾಗಿದೆ.’ ಫೋಟೋದಿಂದ ಕಣ್ಣೆತ್ತದೆ ಕೇಳಿದ. ‘ನಿನ್ನ ತಲೆ ಮೇಲಿಟ್ಟಾಗ ನಡುಗ್ತಿತ್ತಾ?’

ನಡುಗುತ್ತಿತ್ತು. ಕೋಳಿಮರಿಯನ್ನು ಅಂಗೈಯಲ್ಲಿ ಹಿಡಿದರೆ ನಡುಗುತ್ತದಲ್ಲ, ಹಾಗೆ. ಅವತ್ತಿನಿಂದ ತಲೆ ಬಾಚುವಾಗೆಲ್ಲ ನನಗೆ ಅದು ತಿಳಿಯುತ್ತದೆ.

‘ಇಲ್ಲ ಮಾವ’ ಅಂದೆ.

‘ಸರಿ’ ಅಂದ ಮಾವ.

ಟೀ ಕುಡಿದೆ. ಬಸ್ಸಿಗೆ ಹೊತ್ತಾಗಿತ್ತು. ಹೊರಡುವಾಗ ಎಂದಿನಂತೆ ಎದುರಿಗೆ ನಿಂತು ತಲೆ ಬಾಗಿಸಿದೆ. ಕೈ ಬರಲಿಲ್ಲ. ಅವನು ಏಳುತ್ತಿರಬೇಕು ಅಂದುಕೊಂಡು ಇನ್ನೂ ಸ್ವಲ್ಪ ಕಾದೆ. ಕಣ್ಣೆತ್ತಿ ನೋಡಿದರೆ ಮಾವನ ಬಲಗೈ ಶಾಲಿನೊಳಗೇ ಇತ್ತು, ಎಡಗೈ ಅದನ್ನು ಹೊರಗಿನಿಂದ ಅದುಮಿ ಹಿಡಿದಿತ್ತು.

‘ಒಳ್ಳೇದಾಗಲಿ, ಹೋಗಿ ಬಾ’ ಅಂತ ಬಾಯಲ್ಲೇ ಹರಸಿದ. ನಾನು ಮತ್ತೆ ತಲೆ ಬಾಗಿಸಿ, ಬಸ್ಸು ಬರುವ ಸದ್ದು ಕೇಳುವವರೆಗೂ ಹಾಗೇ ನಿಂತಿದ್ದೆ.