ಅತ್ತಿಗೆ ಮನೆಯ ಫೋಲ್ಡರು

ನನ್ನ ಗಂಡ ಇಪ್ಪತ್ತೆರಡು ವರ್ಷದಿಂದ ಕಂಪ್ಯೂಟರ್ ರಿಪೇರಿ ಮಾಡುತ್ತಾರೆ. ಜೇಬಿನಲ್ಲಿ ಪೆನ್ನು ಇಲ್ಲದಿದ್ದರೂ ಸ್ಕ್ರೂಡ್ರೈವರ್ ಇರುತ್ತದೆ. 'ಆಗಲ್ಲ' ಎನ್ನುವ ಮಾತು ಅವರ ಬಾಯಲ್ಲಿ ನಾನು ಕೇಳಿದವಳಲ್ಲ. ಮನೆಗೆಲಸದ ವಿಷಯ ಬಿಡಿ, ಅಲ್ಲಿ ದಿನಕ್ಕೆ ಹತ್ತು ಸಲ ಕೇಳುತ್ತೇನೆ. ಅವರಿಗೆ ಇನ್ನೊಂದು ಹುಚ್ಚು: ಯಾರ ಮನೆಗೆ ಹೋದರೂ ಕಂಪ್ಯೂಟರುಗಳಿಗೆ ಕೋಣೆಗಳ ಹೆಸರಿಟ್ಟು, ಒಂದಕ್ಕೊಂದು ವೈರು ಎಳೆದು ಜೋಡಿಸುವುದು. "ಒಂದರಲ್ಲಿರೋದು ಇನ್ನೊಂದರಲ್ಲೂ ಕಾಣ್ಬೇಕು" ಎನ್ನುತ್ತಾರೆ. ಯಾರೂ ಕೇಳಿರುವುದಿಲ್ಲ.

ಮೊನ್ನೆ ಭಾನುವಾರ ಅವರ ಅಕ್ಕ ಕರೆದರೆಂದು ಇಬ್ಬರೂ ಹೋದೆವು. ಅತ್ತಿಗೆಯ ಮಗಳಿಗೆ ನಿಶ್ಚಯವಾಗಿದ್ದ ಮದುವೆ ಎರಡು ತಿಂಗಳ ಹಿಂದೆ ಮುರಿದಿತ್ತು. ಹುಡುಗನೇ ಬೇಡ ಎಂದಿದ್ದ, ಅದೂ ಫೋನಿನಲ್ಲಿ. ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಬ್ಬರೂ ಜೊತೆಗಿದ್ದ ಫೋಟೊಗಳ ಫೋಲ್ಡರು ಹಜಾರದ ಕಂಪ್ಯೂಟರಿನಲ್ಲಿ ಉಳಿದುಬಿಟ್ಟಿತ್ತು.

"ಅವಳು ಮರೆತಿದ್ದಾಳೆ ಕಣೋ," ಎಂದರು ಅತ್ತಿಗೆ, ಒಳಕೋಣೆಯ ಮುಚ್ಚಿದ ಬಾಗಿಲ ಕಡೆ ನೋಡಿ ದನಿ ತಗ್ಗಿಸಿ. "ಊಟ ಮಾಡ್ತಾಳೆ, ನಗ್ತಾಳೆ, ರಜಾ ದಿನಾನೂ ಆಫೀಸ್ ಕೆಲಸ ಅಂತ ಕೂತಿರ್ತಾಳೆ. ಇದು ಕಣ್ಣಿಗೆ ಬಿದ್ದು ಮತ್ತೆ ಶುರುವಾಗೋದು ಬೇಡ. ನಾನು ಎಷ್ಟು ಒತ್ತಿದ್ರೂ ಹೋಗ್ತಿಲ್ಲ."

"ಇಷ್ಟಕ್ಕೆ ನಾನು ಬರ್ಬೇಕಿತ್ತಾ ಅಕ್ಕಾ?" ಎಂದು ನಕ್ಕು ಇವರು ಕುರ್ಚಿ ಎಳೆದುಕೊಂಡರು.

ಇವರು ಒತ್ತಿದರೂ ಹೋಗಲಿಲ್ಲ. ಫೋಲ್ಡರು ಬೇರೆಲ್ಲೋ ತೆರೆದಿದೆ, ಮುಚ್ಚಿ ಪ್ರಯತ್ನಿಸಿ ಎಂದಿತು. ತೆರೆದಿದ್ದನ್ನೆಲ್ಲ ಮುಚ್ಚಿದರು. ಹೆಸರು ಬದಲಿಸಲು ನೋಡಿದರು, ಅದಕ್ಕೂ ಒಪ್ಪಲಿಲ್ಲ. ಕೊನೆಗೆ ಕಂಪ್ಯೂಟರನ್ನೇ ಆಫ್ ಮಾಡಿದರು.

ಒಳಕೋಣೆಯ ಬಾಗಿಲು ತೆರೆಯಿತು. ಹುಡುಗಿ ಖಾಲಿ ಲೋಟ ಹಿಡಿದು ಬಂದು ಕಪ್ಪು ಪರದೆಯನ್ನು ನೋಡಿದಳು.

"ಏನಾಯ್ತು ಮಾವ ಇದಕ್ಕೆ?"

"ಏನಿಲ್ಲಮ್ಮ, ಸ್ವಲ್ಪ ನಿಧಾನ ಆಗಿತ್ತು."

"ಸರಿಹೋಗುತ್ತಲ್ವಾ?" ಎಂದು ಕೇಳಿ, ಇವರು ಹೂಂ ಎಂದ ಮೇಲೆಯೇ ಮತ್ತೆ ಒಳಕೋಣೆಗೆ ಹೋದಳು. ನೀರು ತುಂಬಿಕೊಳ್ಳುವುದನ್ನು ಮರೆತಿದ್ದಳು.

ಮತ್ತೆ ಆನ್ ಮಾಡಿದರು. ಉಗುರಲ್ಲಿ ಹೋಗುವುದಕ್ಕೆ ಕೊಡಲಿ ಎತ್ತಿದರೂ ಅದು ಜಪ್ಪಯ್ಯ ಎನ್ನಲಿಲ್ಲ. ಅತ್ತಿಗೆ ಕೊಟ್ಟ ಕಾಫಿ ಆರಿ ತಣ್ಣಗಾಯಿತು.

"ರೀ, ನಿಮ್ಮ ಕೈಲೂ ಆಗಲ್ವಾ?" ಎಂದು ಕೆಣಕಿದೆ.

"ಸುಮ್ನಿರು. ಯಾರು ಹಿಡ್ಕೊಂಡಿದಾರೆ ಅಂತ ನೋಡ್ತೀನಿ" ಎಂದು ಒಂದು ಪಟ್ಟಿ ತೆರೆದರು. ಈ ಕಂಪ್ಯೂಟರಿನ ಫೋಲ್ಡರನ್ನು ಬೇರೆ ಯಾವ ಕಂಪ್ಯೂಟರಿನವರು ನೋಡುತ್ತಿದ್ದಾರೆ ಎಂದು ಹೇಳುವ ಪಟ್ಟಿ. ಒಂದೇ ಸಾಲಿತ್ತು. ಅದರಲ್ಲಿ ಒಳಕೋಣೆ ಎಂಬ ಹೆಸರಿತ್ತು.

ಹೋದ ವರ್ಷ ಆ ಹೆಸರಿಟ್ಟವರೂ ಇವರೇ, ಗೋಡೆ ಕೊರೆದು ವೈರು ಎಳೆದವರೂ ಇವರೇ. ವೈರು ಅವರ ಕಾಲ ಬಳಿಯೇ ಇತ್ತು. ಕಿತ್ತರೆ ಫೋಲ್ಡರನ್ನು ಅಳಿಸಬಹುದಿತ್ತು. ಕೈ ಅಲ್ಲಿಯವರೆಗೂ ಹೋಗಿ ನಿಂತಿತು. ನನ್ನ ಮುಖ ನೋಡಿದರು. ನಾನು ಒಳಕೋಣೆಯ ಬಾಗಿಲ ಕಡೆ ನೋಡಿದೆ.

ಅತ್ತಿಗೆ ಕೈ ಒರೆಸಿಕೊಳ್ಳುತ್ತ ಅಡುಗೆಮನೆಯಿಂದ ಬಂದರು. "ಹೋಯ್ತೇನೋ?"

ಇವರು ಪಟ್ಟಿ ಮುಚ್ಚಿ, ಬಳಸದೆಯೇ ಇದ್ದ ಸ್ಕ್ರೂಡ್ರೈವರನ್ನು ಮತ್ತೆ ಜೇಬಿಗೆ ಸೇರಿಸಿದರು.

"ಆಗಲ್ಲ ಅಕ್ಕಾ," ಎಂದರು. "ನನ್ನ ಕೈಲಿ ಆಗಲ್ಲ."