ಮೂರು ಊರಿಗೆ ಒಂದೇ ಪಾಠ

ಡಿಸೆಂಬರಿನ ಎರಡನೆಯ ಭಾನುವಾರ ಬೆಳಿಗ್ಗೆ ಆರೂವರೆಗೆ ಚಿಕ್ಕಮಗಳೂರಿನಲ್ಲಿ ಕಡೂರಿನ ಬಸ್ಸು ಹತ್ತಿದೆ. ನಮ್ಮ ಸಭೆಯ ಪಾಸ್ಟರ್ ಜ್ವರದಿಂದ ಮಲಗಿದ್ದರು. ಕಡೂರು, ತರೀಕೆರೆ, ಅಜ್ಜಂಪುರದ ಮನೆಗಳಲ್ಲಿ ನಡೆಯುವ ಪ್ರಾರ್ಥನಾಕೂಟಗಳಿಗೆ ಕ್ರಿಸ್‌ಮಸ್ ಮುಂಚಿನ ಪಾಠ ಹೇಳುವ ಕೆಲಸ, ನಿವೃತ್ತ ಶಿಕ್ಷಕಿಯಾದ ನನ್ನ ಪಾಲಿಗೆ ಬಂತು. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಉಚಿತ ಟಿಕೆಟ್ ಕೊಟ್ಟ. ಸೀಟು ಸಿಕ್ಕಿದ್ದು ಸಖರಾಯಪಟ್ಟಣ ದಾಟಿದ ಮೇಲೆ. ಅಷ್ಟರಲ್ಲಿ ಮಂಡಿ ಊದಿತ್ತು.

ಪಾಠ ಇಷ್ಟೇ. ರಕ್ಷಕನು ಎಲ್ಲಿ ಹುಟ್ಟುತ್ತಾನೆ, ಏನೇನು ಪಾಡು ಪಡುತ್ತಾನೆ ಎಂದು ಪ್ರವಾದಿಗಳು ನೂರಾರು ವರ್ಷ ಮೊದಲೇ ಹೇಳಿದ್ದರು. ಅದೆಲ್ಲ ಯೇಸುವಿನಲ್ಲಿ ನೆರವೇರಿತು. ಆದ್ದರಿಂದ ದೇವರ ಸಂಕಲ್ಪವಿಲ್ಲದೆ ಯಾವುದೂ ನಡೆಯುವುದಿಲ್ಲ. ಕಡೂರಿನಲ್ಲಿ ಹನ್ನೆರಡು ಮಂದಿ ಕೇಳಿ, ಇಡ್ಲಿ ಕೊಟ್ಟು ಕಳಿಸಿದರು. ತರೀಕೆರೆಯ ಬಸ್ಸು ಬೀರೂರಿನಲ್ಲಿ ಮುಕ್ಕಾಲು ಗಂಟೆ ಬಿಸಿಲಲ್ಲಿ ನಿಂತಿತು. ತರೀಕೆರೆಯಲ್ಲಿ ಐದೇ ಜನ, ಒಬ್ಬರು ತೂಕಡಿಸುತ್ತಿದ್ದರು. ನನಗೂ ನನ್ನ ದನಿ ಸಾಕಾಗಿತ್ತು. ಅನ್ನ, ಹುರುಳಿ ಸಾರು ಉಂಡು ಅಲ್ಲೇ ಒರಗಿಬಿಡೋಣ ಅನ್ನಿಸಿತು.

ಅಜ್ಜಂಪುರಕ್ಕೆ ಖಾಸಗಿ ಬಸ್ಸಿನಲ್ಲಿ ನಿಂತೇ ಹೋದೆ. ಕೂಟ ಸುಗುಣಳ ಮನೆಯಲ್ಲಿ. ಉಳಿದವರೆಲ್ಲ ಮದುವೆಗೆ ಹೋಗಿ, ಅವಳೊಬ್ಬಳೇ ಇದ್ದಳು. ಸೆಪ್ಟೆಂಬರಿನಲ್ಲಿ ಅವಳ ಗಂಡ ಸೈಕಲ್ಲಿನಲ್ಲಿ ಬರುವಾಗ, ಕುಡಿದಿದ್ದವನೊಬ್ಬ ಟ್ರ್ಯಾಕ್ಟರ್ ಹರಿಸಿ ಕೊಂದಿದ್ದ. ಮಣ್ಣಿಗೆ ಬಂದಿದ್ದ ನಾನು ಅವಳ ಕೈ ಹಿಡಿದು ಏನೋ ಸಮಾಧಾನ ಹೇಳಿದ್ದೆ. ಏನೆಂಬುದು ಮರೆತೇಹೋಗಿತ್ತು.

ಪಾಠ ಶುರುಮಾಡಿದೆ. ದೇವರ ಸಂಕಲ್ಪ ಎಂಬಲ್ಲಿಗೆ ಬಂದಾಗ ಅವಳು ತಡೆದಳು.

"ಯೇಸುನ ಹಿಡ್ಕೊಟ್ಟ ಶಿಷ್ಯನ ವಿಚಾರಾನೂ ಮೊದ್ಲೇ ಹೇಳಿತ್ತಾ, ಟೀಚರಮ್ಮ?"

"ಹೇಳಿತ್ತು."

"ಹಂಗಾದ್ರೆ ಅವಂದೇನು ತಪ್ಪು?"

ವರ್ಷಗಳಿಂದ ಹೇಳಿಕೊಂಡು ಬಂದ ಉತ್ತರವನ್ನೇ ಹೇಳಿದೆ: ದೇವರಿಗೆ ಮೊದಲೇ ತಿಳಿದಿತ್ತು, ಹಾಗೆಂದು ದೇವರೇ ಮಾಡಿಸಿದ್ದಲ್ಲ. ಅವಳು ಒಪ್ಪಿದಂತೆ ಕಾಣಲಿಲ್ಲ.

"ನಿನ್ನೆ ಆ ಟ್ರ್ಯಾಕ್ಟರ್ ಓಡಿಸ್ದೋನ ತಾಯಿ ಬಂದಿದ್ಲು. ಎಲ್ಲಾ ಹಣೇಬರ ಕಣವ್ವ, ನನ್ ಮಗನ್ನ ದೂರಬ್ಯಾಡ ಅಂದ್ಲು. ಮಣ್ಣಿನ ದಿನ ನೀವು ದೇವರ ಚಿತ್ತ ಅಂದ್ರಿ. ಎರಡಕ್ಕೂ ಏನ್ ವ್ಯತ್ಯಾಸ? ಅವನು ಕುಡಿದಿದ್ದೂ ದೇವರ ಚಿತ್ತಾನಾ?"

ನಾನು ಆಡಿದ್ದ ಮಾತು ಆಗ ನೆನಪಾಯಿತು. ಕೈಲಿದ್ದ ಬೈಬಲ್ ಮುಚ್ಚಿ ಪಕ್ಕಕ್ಕಿಟ್ಟೆ.

"ಅಲ್ಲ, ಸುಗುಣ. ಕುಡಿದಿದ್ದು ಅವನ ತಪ್ಪು. ಅವತ್ತು ನಾನು ಹಂಗೆ ಹೇಳಬಾರದಿತ್ತು. ನಿನ್ನ ಗಂಡನಿಗೆ ಯಾಕೆ ಹಿಂಗಾಯ್ತು ಅಂತ ನಂಗೆ ಗೊತ್ತಿಲ್ಲ."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. "ಮೂರು ತಿಂಗಳಿಂದ ಪ್ರಾರ್ಥನೆಗೆ ಬಾಯೇ ಬಂದಿಲ್ಲ. ದೇವರೇ ಕೊಂದ ಅಂದ್ಮೇಲೆ ಅವನ ಹತ್ರ ಏನ್ ಮಾತಾಡೋದು ಅನ್ಸೋದು" ಎಂದಳು. ಆಮೇಲೆ ಅಳತೊಡಗಿದಳು. ನಾನು ಸಮಾಧಾನ ಹೇಳಲು ಹೋಗಲಿಲ್ಲ, ಪಕ್ಕದಲ್ಲಿ ಕೂತಿದ್ದೆ. ಅಳು ನಿಂತ ಮೇಲೆ ಅವಳೇ ಕಣ್ಣು ಮುಚ್ಚಿ ಪ್ರಾರ್ಥಿಸಿದಳು. ಎರಡೇ ವಾಕ್ಯ, ಗಂಡನ ಹೆಸರು ಹಿಡಿದು. ಪಾಠ ಅರ್ಧಕ್ಕೇ ನಿಂತಿತು.

ಕಾಫಿ ಕುಡಿಸಿ, ಬಸ್ ನಿಲ್ದಾಣದವರೆಗೂ ಜೊತೆಗೆ ಬಂದಳು. "ಹಬ್ಬಕ್ಕೆ ಮುಂಚೆ ಇನ್ನೊಂದ್ಸಲ ಬನ್ನಿ."

"ಯಾವ ಪಾಠ ತರಲಿ?"

"ಪಾಠ ಬ್ಯಾಡ. ಸುಮ್ನೆ ಬನ್ನಿ."

ಬೀರೂರಿನ ಬಸ್ಸು ಹೊರಟಾಗ ಹಿಂತಿರುಗಿ ನೋಡಿದೆ. ಅವಳು ನಿಲ್ದಾಣದಲ್ಲಿ ಪೇರಿಸಿದ್ದ ಈರುಳ್ಳಿ ಚೀಲಗಳ ಪಕ್ಕ ನಿಂತು, ಬಸ್ಸಿಗೆ ಕಾಯುತ್ತಿದ್ದ ಹೆಂಗಸೊಬ್ಬಳೊಡನೆ ಮಾತಾಡುತ್ತಿದ್ದಳು.